ಮೋಟಾರ್ ಹೋಗಿದೆ ಅನ್ನುವ ಮುಂಚೆ: ಒಂದು ಟಾರ್ಚ್, ಐದು ಬೆಂಕಿಪೊಟ್ಟಣ

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಆರು ವರ್ಷ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ. ಜೊತೆಗೆ ಎರಡು ಲೆನ್ಸ್: 50 ಮಿ.ಮೀ. ಎಫ್ 1.8 ಮತ್ತು 70-300 ಜೂಮ್. ಈ ಮಳೆಗಾಲ ಕಳೆದ ಮೇಲೆ ಜೂಮ್ ಲೆನ್ಸ್ ಫೋಕಸ್ ಹಿಡಿಯುತ್ತಿಲ್ಲ. ಮಂಡಗದ್ದೆಗೆ ಹಕ್ಕಿ ಫೋಟೊ ತೆಗೆಯಲು ಹೋದರೆ ಗರ್ ಗರ್ ಅಂತ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ. 50ರಲ್ಲಿ ತಂಗಿ ಮಗಳ ನಾಮಕರಣದ ಫೋಟೊ ತೆಗೆದೆ. ಮುಖ ಮಸುಕು, ಕಿವಿ ಮಾತ್ರ ಸ್ಪಷ್ಟ. ಅಂಗಡಿಯವರು ಎರಡೂ ಲೆನ್ಸಿನ ಮೋಟಾರ್ ಹೋಗಿದೆ, 11,000 ರೂಪಾಯಿ ಆಗುತ್ತದೆ ಅಂದರು. ಮಾಡಿಸಬಹುದಾ? ನಾಮಕರಣದ ಮೂರು ಫೋಟೊ, ಹಕ್ಕಿಯದ್ದು ಒಂದು ಕಳಿಸಿದ್ದೇನೆ.

ಉತ್ತರ: ಮೇಷ್ಟ್ರೇ, ನಮಸ್ಕಾರ. ಆ 11,000 ರೂಪಾಯಿ ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ನೀವು ಕಳಿಸಿದ ನಾಲ್ಕೂ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮ ಎರಡು ಲೆನ್ಸಿಗೆ ಬಂದಿರುವುದು ಒಂದೇ ಕಾಯಿಲೆ ಅಲ್ಲ. ಮೋಟಾರ್ ಹೋದ ಲಕ್ಷಣವಂತೂ ಎರಡರಲ್ಲೂ ನನಗೆ ಕಾಣಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಮೊದಲ ಫೋಟೊದಲ್ಲಿ ಅಜ್ಜಿ ತೊಟ್ಟಿಲ ಕಡೆ ಬಾಗಿದ್ದಾರೆ. ಅವರ ಕಣ್ಣು, ಮೂಗುತಿ ಎರಡೂ ಮಂಜು ಮಂಜು. ಆದರೆ ಕಿವಿಯ ಜುಮುಕಿ ನೋಡಿ. ಅದರ ಅಂಚಿಗೆ ಪೋಣಿಸಿದ ಪುಟ್ಟ ಮುತ್ತುಗಳನ್ನು ಒಂದೊಂದಾಗಿ ಎಣಿಸಬಹುದು. ಮೋಟಾರ್ ಸತ್ತಿದ್ದರೆ ಆ ಮುತ್ತು ಇಷ್ಟು ಚೂಪಾಗಿ ಬರುತ್ತಿರಲಿಲ್ಲ. ಲೆನ್ಸ್ ಓಡಿದೆ, ಅಲುಗಾಡದೆ ನಿಂತೂ ಇದೆ. ನಿಂತ ಜಾಗ ಮಾತ್ರ ತಪ್ಪು.

ಆಟೊಫೋಕಸ್ ಕೆಟ್ಟಿದೆ ಅಂತ ನನ್ನ ಹತ್ತಿರ ಬರುವವರಿಗೆಲ್ಲ ನಾನು ಮೊದಲು ಕೇಳುವುದು ಇದನ್ನೇ. ಲೆನ್ಸ್ ಅಲ್ಲಾಡುವುದೇ ಇಲ್ಲವಾ? ಅಲ್ಲಾಡುತ್ತದೆ, ಆದರೆ ಎಲ್ಲೂ ನಿಲ್ಲುವುದಿಲ್ಲವಾ? ಅಥವಾ ನಿಲ್ಲುತ್ತದೆ, ಆದರೆ ಬೇರೆ ಕಡೆ ನಿಲ್ಲುತ್ತದಾ? ಈ ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಕೊಟ್ಟಿಗೆಯ ಹಸು ಮೇವು ತಿನ್ನದಿರುವುದು, ತಿಂದದ್ದು ಅರಗದಿರುವುದು, ಎರಡಕ್ಕೂ ಒಂದೇ ಔಷಧ ಕೊಡುವುದಿಲ್ಲ ಅಲ್ವಾ? ನಿಮ್ಮ ಜೂಮ್ ಎರಡನೇ ಜಾತಿ. ನಿಮ್ಮ 50 ಮೂರನೇ ಜಾತಿ. ಮೋಟಾರ್ ಹೋದರೆ ಸಾಮಾನ್ಯವಾಗಿ ಕಾಣುವುದು ಮೊದಲನೆಯದು.

ಮುಂದೆ ಹೋಗುವ ಮುಂಚೆ ನಿಮ್ಮ ಕ್ಯಾಮೆರಾ ಫೋಕಸ್ ಹೇಗೆ ಮಾಡುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು. ಡಿಎಸ್‌ಎಲ್‌ಆರ್ ಒಳಗೆ ದೊಡ್ಡ ಕನ್ನಡಿ ಒಂದು ಇದೆ. ಅದು ಬೆಳಕನ್ನು ಮೇಲಕ್ಕೆ, ನಿಮ್ಮ ಕಣ್ಣಿನ ಕಡೆಗೆ ಕಳಿಸುತ್ತದೆ. ಆ ಕನ್ನಡಿಯ ನಡುಭಾಗ ಸ್ವಲ್ಪ ಬೆಳಕನ್ನು ಒಳಗೆ ಬಿಡುತ್ತದೆ. ಅದರ ಬೆನ್ನಿಗೆ ಇನ್ನೊಂದು ಪುಟ್ಟ ಕನ್ನಡಿ ಇದೆ. ಅದು ಆ ಬೆಳಕನ್ನು ಕೆಳಕ್ಕೆ ತಿರುಗಿಸಿ, ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸೆನ್ಸರ್ ಮೇಲೆ ಬೀಳಿಸುತ್ತದೆ. ಈ ಸೆನ್ಸರ್ ಲೆನ್ಸಿನ ಒಂದು ಬದಿಯಿಂದ ಬಂದ ಚಿತ್ರವನ್ನು, ಇನ್ನೊಂದು ಬದಿಯಿಂದ ಬಂದ ಚಿತ್ರದ ಜೊತೆ ಹೋಲಿಸುತ್ತದೆ. ಎರಡರ ನಡುವೆ ಎಷ್ಟು ಅಂತರ ಇದೆ ಅನ್ನುವುದರ ಮೇಲೆ, ಲೆನ್ಸ್ ಯಾವ ಕಡೆಗೆ ಎಷ್ಟು ಓಡಬೇಕು ಅಂತ ಲೆಕ್ಕ ಹಾಕಿ ಹೇಳುತ್ತದೆ.

ಫೋಟೊ ಮೂಡುವ ಸೆನ್ಸರ್ ಬೇರೆ, ಫೋಕಸ್ ಅಳೆಯುವ ಸೆನ್ಸರ್ ಬೇರೆ. ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ. ಎರಡೂ ಲೆನ್ಸಿನಿಂದ ಒಂದೇ ದೂರದಲ್ಲಿ ಇರಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಅಳತೆ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಲೈವ್ ವ್ಯೂ ಹಾಕಿದಾಗ, ಅಂದರೆ ಹಿಂದಿನ ಪರದೆಯಲ್ಲಿ ನೋಡಿ ತೆಗೆಯುವಾಗ, ಕನ್ನಡಿ ಮೇಲೆ ಹೋಗಿರುತ್ತದೆ. ಆಗ ಕ್ಯಾಮೆರಾ ಫೋಟೊ ಸೆನ್ಸರಿನಿಂದಲೇ ಫೋಕಸ್ ನೋಡುತ್ತದೆ. ಹಾಗಾಗಿ ಆ ಕೂದಲೆಳೆಯ ತಪ್ಪು ಅಲ್ಲಿ ಬರುವುದಿಲ್ಲ. ಪೈಸೆ ಖರ್ಚಿಲ್ಲದ ಪರೀಕ್ಷೆ ಒಂದು ನಿಮ್ಮ ಕೈಯಲ್ಲೇ ಇದೆ ಅಂತಾಯಿತು.

ಮೊದಲು 50ನ್ನು ನೋಡೋಣ.

ನೀವು ಎಫ್ 1.8ರಲ್ಲಿ, ಅಂದರೆ ಲೆನ್ಸಿನ ಬೆಳಕಿನ ಕಿಂಡಿ ಪೂರ್ತಿ ತೆರೆದು (ಎಫ್ ಅಂಕಿ ಹೆಚ್ಚಾದಷ್ಟೂ ಕಿಂಡಿ ಕಿರಿದು), ಸುಮಾರು 1.2 ಮೀಟರ್ ದೂರದಿಂದ ತೆಗೆದಿದ್ದೀರಿ ಅಂತ ಅಂದಾಜು. ನಿಮ್ಮ ಕ್ಯಾಮೆರಾದ ಸೆನ್ಸರ್ ಎಪಿಎಸ್-ಸಿ ಅಳತೆಯದ್ದು, ಅಂದರೆ ಹಳೆಯ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದು ಅಂತ ಇಟ್ಟುಕೊಂಡರೆ, ಆ ದೂರದಲ್ಲಿ ಸ್ಪಷ್ಟವಾಗಿ ಬರುವ ಆಳ ಬರೀ 4 ಸೆಂ.ಮೀ. ಫೋಕಸ್ ಆದ ಜಾಗದಿಂದ ಮುಂದೆ 2, ಹಿಂದೆ 2. ಕಣ್ಣಿನಿಂದ ಕಿವಿಗೆ ಕಡಿಮೆ ಅಂದರೂ 7-8 ಸೆಂ.ಮೀ. ಇರುತ್ತದೆ. ಅಂದರೆ ಕಣ್ಣು, ಕಿವಿ ಎರಡೂ ಒಟ್ಟಿಗೆ ಸ್ಪಷ್ಟ ಬರುವ ಮಾತೇ ಇಲ್ಲ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ನೀವು ಕಣ್ಣನ್ನು ಆರಿಸಿದಿರಿ, ಕ್ಯಾಮೆರಾ ಕಿವಿಯನ್ನು ಆರಿಸಿತು.

ಹೀಗಾಗಲು ಮೂರು ದಾರಿ ಇವೆ. ಒಂದು, ನೀವು ಮಧ್ಯದ ಫೋಕಸ್ ಪಾಯಿಂಟ್‌ನಿಂದ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ಸ್ವಲ್ಪ ತಿರುಗಿಸಿ ಚೌಕಟ್ಟು ಸರಿ ಮಾಡಿಕೊಂಡಿರಬಹುದು. ತುಂಬಾ ಜನ ಹೀಗೇ ಮಾಡುತ್ತಾರೆ. ಹೀಗೆ ತಿರುಗಿಸಿದಾಗ ಫೋಕಸ್ ಆದ ಪದರ ಯಾವಾಗಲೂ ಹಿಂದಕ್ಕೇ ಜಾರುತ್ತದೆ. 1.2 ಮೀಟರ್ ದೂರದಲ್ಲಿ 12 ಡಿಗ್ರಿ ತಿರುಗಿಸಿದರೆ ಸುಮಾರು 2.5 ಸೆಂ.ಮೀ. ಹಿಂದೆ ಹೋಗುತ್ತದೆ. ನಿಮಗೆ ಇರುವ ಜಾಗವೇ 2 ಸೆಂ.ಮೀ. ಕಣ್ಣು ಮಸುಕಾಗಲು ಇಷ್ಟೇ ಸಾಕು. ಆದರೆ ಕಿವಿ ಸ್ಪಷ್ಟ ಆಗಲು ಇದು ಸಾಲದು.

ಎರಡು, ಕಣ್ಣಿಟ್ಟು ನೋಡುವ ನೋಟಗಿಂಡಿಯಲ್ಲಿ (ವ್ಯೂಫೈಂಡರ್) ಕಾಣುವ ಪುಟ್ಟ ಚೌಕಕ್ಕಿಂತ ನಿಜವಾಗಿ ಫೋಕಸ್ ಅಳೆಯುವ ಜಾಗ ದೊಡ್ಡದು. ಚೌಕ ಕಣ್ಣಿನ ಮೇಲೆ ಇದ್ದರೂ ಪಕ್ಕದಲ್ಲಿ ಥಳಥಳ ಹೊಳೆಯುವ ಜುಮುಕಿ ಇದ್ದರೆ ಸೆನ್ಸರ್ ಅದಕ್ಕೇ ಮರುಳಾಗುತ್ತದೆ. ಕಪ್ಪು ಬಿಳುಪಿನ ಗಟ್ಟಿ ಗೆರೆ ಎಲ್ಲಿದೆಯೋ ಅಲ್ಲಿಗೆ ಅದು ಹೋಗುತ್ತದೆ. ಮುಖದ ಚರ್ಮ ಅದಕ್ಕೆ ಖಾಲಿ ಗೋಡೆ ಇದ್ದ ಹಾಗೆ.

ಮೊದಲ ಫೋಟೊ ಒಂದನ್ನೇ ಕಳಿಸಿದ್ದರೆ ನಾನು ಜುಮುಕಿಯನ್ನೇ ದೂರುತ್ತಿದ್ದೆ. ಆದರೆ ಎರಡನೇ ಫೋಟೊದಲ್ಲಿ ಶಾಲು ಹೊದ್ದ ಅಜ್ಜ ಇದ್ದಾರೆ. ಕಿವಿಯಲ್ಲಿ ಒಡವೆ ಏನೂ ಇಲ್ಲ. ಅವರ ಹುಬ್ಬು ಮಸುಕು, ಕಿವಿಯ ಅಂಚಿನ ನರೆಗೂದಲು ಸ್ಪಷ್ಟ. ಮೂರನೆಯದರಲ್ಲಿ ಮಗುವಿನ ಕೆನ್ನೆ ಮಸುಕು, ಹಿಂದಿನ ತೊಟ್ಟಿಲ ಬಟ್ಟೆಯ ನೇಯ್ಗೆ ಸ್ಪಷ್ಟ. ಮೂರರಲ್ಲೂ ತಪ್ಪು ಒಂದೇ ಕಡೆಗೆ, ಹಿಂದಕ್ಕೆ. ನಿಮ್ಮ ಕೈ ಅಥವಾ ಮೈ ಅಲುಗಾಡಿದ್ದರೆ ಒಂದು ಹಿಂದೆ, ಒಂದು ಮುಂದೆ, ಒಂದು ಸರಿ, ಹೀಗೆ ಚೆಲ್ಲಾಪಿಲ್ಲಿ ಆಗಬೇಕಿತ್ತು. ಸವೆದ ಮೋಟಾರ್ ಕೂಡ ಚೆಲ್ಲಾಪಿಲ್ಲಿಯೇ ಮಾಡುತ್ತದೆ. ಪ್ರತಿ ಸಲ ಒಂದೇ ಕಡೆಗೆ ತಪ್ಪಿದರೆ ನನಗೆ ಅನುಮಾನ ಬರುವುದು ಮೂರನೇ ದಾರಿಯ ಮೇಲೆ. ನಿಮ್ಮ ಕ್ಯಾಮೆರಾ ಮತ್ತು ಈ ಲೆನ್ಸ್ ನಡುವೆ ಅಳತೆ ಹೊಂದುತ್ತಿಲ್ಲ. ನಮ್ಮ ಕೆಲಸದಲ್ಲಿ ಇದಕ್ಕೆ ಬ್ಯಾಕ್ ಫೋಕಸ್ ಅಂತೀವಿ. ಮುಂದಕ್ಕೆ ಬಿದ್ದರೆ ಫ್ರಂಟ್ ಫೋಕಸ್.

ಇದನ್ನು ಮನೆಯಲ್ಲೇ ಖಚಿತ ಮಾಡಿಕೊಳ್ಳಬಹುದು. ಐದು ಬೆಂಕಿಪೊಟ್ಟಣ ತಗೊಳ್ಳಿ. ಕಿಟಕಿ ಹತ್ತಿರ, ಹಗಲು ಬೆಳಕಲ್ಲಿ, ಮೇಜಿನ ಮೇಲೆ ನಿಲ್ಲಿಸಿ. ಒಂದಕ್ಕಿಂತ ಇನ್ನೊಂದು 3 ಸೆಂ.ಮೀ. ಹಿಂದೆ ಇರಲಿ, ಸ್ಕೇಲ್ ಇಟ್ಟೇ ಅಳೆಯಿರಿ. ಪಕ್ಕಕ್ಕೂ ಸಾಕಷ್ಟು ಜಾಗ ಬಿಟ್ಟು ಮೆಟ್ಟಿಲ ಹಾಗೆ ಜೋಡಿಸಿ. ನಡುವಿನ ಪೊಟ್ಟಣಕ್ಕೆ ಫೋಕಸ್ ಮಾಡುವಾಗ ಪಕ್ಕದ್ದು ಆ ಚೌಕದ ಹತ್ತಿರಕ್ಕೂ ಬರಬಾರದು. ಯಾಕೆ ಅಂತ ಆಗಲೇ ಹೇಳಿದೆ.

ಕ್ಯಾಮೆರಾ ಟ್ರೈಪಾಡ್ ಮೇಲಿರಲಿ. ಟ್ರೈಪಾಡ್ ಇಲ್ಲದಿದ್ದರೆ ಪುಸ್ತಕಗಳ ಮೇಲಿಡಿ, ಕದಲದಿದ್ದರೆ ಸಾಕು. ನಡುವಿನ ಪೊಟ್ಟಣಕ್ಕೆ ಒಂದೂಕಾಲು ಮೀಟರ್ ದೂರ. ಎಫ್ 1.8, ಎರಡು ಸೆಕೆಂಡಿನ ಟೈಮರ್, ಮಧ್ಯದ ಒಂದೇ ಫೋಕಸ್ ಪಾಯಿಂಟ್, ಒಮ್ಮೆ ಫೋಕಸ್ ಹಿಡಿದು ಅಲ್ಲೇ ನಿಲ್ಲುವ ಸಿಂಗಲ್ ಮೋಡ್. ಮೊದಲು ಲೈವ್ ವ್ಯೂ ಹಾಕಿ ನಡುವಿನ ಪೊಟ್ಟಣಕ್ಕೆ ಫೋಕಸ್ ಮಾಡಿ ಒಂದು ಫೋಟೊ ತೆಗೆಯಿರಿ. ಆಮೇಲೆ ಲೈವ್ ವ್ಯೂ ತೆಗೆದು, ನೋಟಗಿಂಡಿಯಿಂದ ಅದೇ ಪೊಟ್ಟಣಕ್ಕೆ ಹತ್ತು ಫೋಟೊ ತೆಗೆಯಿರಿ. ಪ್ರತಿ ಫೋಟೊಗೂ ಮುಂಚೆ ಕೈಯಿಂದ ಫೋಕಸ್ ಕೆಡಿಸಿ. ಐದು ಸಲ ತೀರಾ ಹತ್ತಿರಕ್ಕೆ, ಐದು ಸಲ ತೀರಾ ದೂರಕ್ಕೆ. ಸುಮ್ನೆ ಹತ್ತು ಸಲ ಒತ್ತಿದರೆ ಪ್ರಯೋಜನ ಇಲ್ಲ. ಲೆನ್ಸ್ ನಿಂತಲ್ಲೇ ನಿಂತಿರುತ್ತದೆ, ಒಂದೇ ಫೋಟೊ ಹತ್ತು ಸಲ ಬರುತ್ತದೆ.

ಈಗ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಲೈವ್ ವ್ಯೂ ಫೋಟೊದಲ್ಲಿ ನಡುವಿನ ಪೊಟ್ಟಣದ ಅಕ್ಷರ ಚೂಪಾಗಿದ್ದು, ಉಳಿದ ಹತ್ತರಲ್ಲಿ ಎಂಟೊಂಬತ್ತರಲ್ಲಿ ಅದರ ಹಿಂದಿನ ಪೊಟ್ಟಣ ಚೂಪಾಗಿದ್ದರೆ, ಅಳತೆ ಹೊಂದುತ್ತಿಲ್ಲ ಅನ್ನುವುದು ಖಾತ್ರಿ. ಮೋಟಾರ್ ಚೆನ್ನಾಗಿದೆ, ಹೇಳಿದ ಕಡೆ ನಿಷ್ಠೆಯಿಂದ ಹೋಗುತ್ತಿದೆ. ಹೇಳುವ ಮಾತಲ್ಲಿ ತಪ್ಪಿದೆ. ಲೈವ್ ವ್ಯೂದಲ್ಲೂ ಮಸುಕು, ಉಳಿದದ್ದೂ ಚೆಲ್ಲಾಪಿಲ್ಲಿ ಅಂತಾದರೆ ಆಗ ಲೆನ್ಸನ್ನೇ ಅನುಮಾನಿಸಬೇಕು.

ಅಳತೆ ತಪ್ಪಿದ್ದರೆ ಮದ್ದು ನಿಮ್ಮ ಕ್ಯಾಮೆರಾದ ಮೆನುವಿನಲ್ಲೇ ಇರಬಹುದು. ಕೆನಾನ್‌ನಲ್ಲಿ ಅದರ ಹೆಸರು ಎಎಫ್ ಮೈಕ್ರೊಅಡ್ಜಸ್ಟ್‌ಮೆಂಟ್, ನಿಕಾನ್‌ನಲ್ಲಿ ಎಎಫ್ ಫೈನ್ ಟ್ಯೂನ್. ಎರಡರಲ್ಲೂ ಮೈನಸ್ 20ರಿಂದ ಪ್ಲಸ್ 20ರವರೆಗೆ ಅಂಕಿ ಇರುತ್ತದೆ. ಮೈನಸ್ ಕಡೆ ಹೋದರೆ ಫೋಕಸ್ ನಿಮ್ಮ ಕಡೆಗೆ ಬರುತ್ತದೆ, ಪ್ಲಸ್ ಕಡೆ ಹೋದರೆ ದೂರ ಹೋಗುತ್ತದೆ. ನಿಮ್ಮದು ಹಿಂದೆ ಬೀಳುತ್ತಿರುವುದರಿಂದ ಮೈನಸ್ 5ರಿಂದ ಶುರು ಮಾಡಿ, ಮತ್ತೆ ಬೆಂಕಿಪೊಟ್ಟಣ ನೋಡಿ, ಹಾಗೇ ಹತ್ತಿರ ಬನ್ನಿ. ಕ್ಯಾಮೆರಾ ಆ ಅಂಕಿಯನ್ನು ಆ ಲೆನ್ಸಿಗೆ ಮಾತ್ರ ನೆನಪಿಟ್ಟುಕೊಳ್ಳುವ ಹಾಗೆ ಹಾಕಿ. ಎಲ್ಲ ಲೆನ್ಸಿಗೂ ಸೇರಿಸಿ ಹಾಕಿದರೆ ಚೆನ್ನಾಗಿರುವ ಲೆನ್ಸೂ ಹಾಳಾಗುತ್ತದೆ. ಒಂದು ಮಾತು: ರಾತ್ರಿ ಬಲ್ಬಿನ ಬೆಳಕಲ್ಲಿ ಈ ಕೆಲಸ ಮಾಡಬೇಡಿ. ಬೆಳಕಿನ ಬಣ್ಣ ಬದಲಾದರೆ ಫೋಕಸ್ ಅಳತೆಯೂ ಸ್ವಲ್ಪ ಜಾರುತ್ತದೆ.

ಕಡಿಮೆ ಬೆಲೆಯ ಎಷ್ಟೋ ಕ್ಯಾಮೆರಾಗಳಲ್ಲಿ ಈ ಮೆನು ಇರುವುದಿಲ್ಲ. ನಿಕಾನ್ ಡಿ3000, ಡಿ5000 ಸಾಲಿನವುಗಳಲ್ಲಿ ಇಲ್ಲ, ಡಿ7500ರಲ್ಲಿ ಇದೆ. ಕೆನಾನ್ 80ಡಿಯಲ್ಲಿ ಇದೆ, 1500ಡಿಯಲ್ಲಿ ಇಲ್ಲ. ನಿಮ್ಮದರಲ್ಲಿ ಇಲ್ಲದಿದ್ದರೆ ಕ್ಯಾಮೆರಾ, ಲೆನ್ಸ್ ಎರಡನ್ನೂ ಒಟ್ಟಿಗೆ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಟ್ಟು ಹೊಂದಿಸಿಕೊಡಿ ಅಂತ ಕೇಳಬೇಕು. ಲೆನ್ಸ್ ಒಂದನ್ನೇ ಕೊಟ್ಟರೆ ಅವರು ತಮ್ಮ ಕ್ಯಾಮೆರಾಗೆ ಹಾಕಿ ನೋಡಿ ಚೆನ್ನಾಗಿದೆ ಅಂತ ವಾಪಸ್ ಕೊಡುತ್ತಾರೆ, ಅವರ ಮಾತೂ ನಿಜವೇ ಆಗಿರುತ್ತದೆ. ಅಲ್ಲಿಯವರೆಗೆ ಮನೆಯ ಫೋಟೊಗಳನ್ನು ಲೈವ್ ವ್ಯೂದಲ್ಲಿ ತೆಗೆಯಿರಿ. ಇಲ್ಲವೇ ಎಫ್ 4ಕ್ಕೆ ಇಳಿಸಿ. 1.2 ಮೀಟರ್ ದೂರದಲ್ಲಿ ಸ್ಪಷ್ಟ ಬರುವ ಆಳ 4ರಿಂದ 9 ಸೆಂ.ಮೀ.ಗೆ ಹಿಗ್ಗುತ್ತದೆ. ಆಗ ಸಣ್ಣ ತಪ್ಪನ್ನು ಅದೇ ನುಂಗಿಕೊಳ್ಳುತ್ತದೆ.

ಇನ್ನು 70-300. ಇದರ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಇದೆ.

ಗರ್ ಗರ್ ಅಂತ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಿದೆ ಅಂದಿರಿ. ಅಷ್ಟು ದೂರ ಓಡುತ್ತಿದೆ ಅಂದರೆ ಮೋಟಾರಿಗೆ ಶಕ್ತಿ ಇದೆ. ಅದು ಹುಡುಕುತ್ತಿದೆ, ಆದರೆ ಸಿಗುತ್ತಿಲ್ಲ. ಹಾಗಿದ್ದರೆ ಕೇಳಬೇಕಾದ ಪ್ರಶ್ನೆ, ಅದಕ್ಕೆ ಯಾಕೆ ಕಾಣುತ್ತಿಲ್ಲ ಅಂತ.

ನಿಮ್ಮ ಬೆಳ್ಳಕ್ಕಿಯ ಫೋಟೊ ನೋಡಿ. ಬಿಳಿ ರೆಕ್ಕೆಯ ಸುತ್ತ ಹಾಲು ಚೆಲ್ಲಿದ ಹಾಗೆ ಬೆಳಕು ಹರಡಿದೆ. ಹಿಂದಿನ ಕಪ್ಪು ಕೊಂಬೆ ಕಪ್ಪಾಗಿಲ್ಲ, ಬೂದಿ ಬಣ್ಣಕ್ಕೆ ತಿರುಗಿದೆ. ಬರೀ ಫೋಕಸ್ ತಪ್ಪಿದರೆ ಗೆರೆ ದಪ್ಪ ಆಗುತ್ತದೆ, ಇಡೀ ಚಿತ್ರ ಹೀಗೆ ಪೇಲವ ಆಗುವುದಿಲ್ಲ. ಲೆನ್ಸಿನ ಒಳಗೆ ಏನೋ ಕೂತಿದೆ. ಊರು ತೀರ್ಥಹಳ್ಳಿ, ತೊಂದರೆ ಶುರುವಾದದ್ದು ಮಳೆಗಾಲದ ನಂತರ. ನನ್ನ ಮೊದಲ ಅನುಮಾನ ಬೂಷ್ಟು.

ಬೂಷ್ಟು ಹಿಡಿದ ಗಾಜು ಬೆಳಕನ್ನು ಚೆದುರಿಸುತ್ತದೆ. ಕಪ್ಪಿಗೂ ಬಿಳುಪಿಗೂ ನಡುವೆ ಇರುವ ಗೆರೆ ಕರಗುತ್ತದೆ. ಫೋಕಸ್ ಸೆನ್ಸರ್ ಬದುಕುವುದೇ ಆ ಗೆರೆಯ ಮೇಲೆ. ಮಧ್ಯಾಹ್ನದ ಬಿಸಿಲಲ್ಲಿ ಹೇಗೋ ಹಿಡಿದೀತು. ಸಂಜೆ ಆದರೆ, ಮೋಡ ಕವಿದರೆ ಕೈ ಚೆಲ್ಲುತ್ತದೆ. 300ಕ್ಕೆ ಎಳೆದಾಗ ನಿಮ್ಮ ಲೆನ್ಸ್ ಸಾಮಾನ್ಯವಾಗಿ ಎಫ್ 5.6ಕ್ಕೆ ಬಂದಿರುತ್ತದೆ. ಡಿಎಸ್‌ಎಲ್‌ಆರ್ ಫೋಕಸ್ ಪಾಯಿಂಟ್‌ಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದೇ ಎಫ್ 5.6ರವರೆಗೆ. ಮೊದಲೇ ಅಂಚಿನಲ್ಲಿ ನಿಂತ ಲೆನ್ಸಿಗೆ ಬೂಷ್ಟು ಬೇರೆ ಸೇರಿದರೆ ಇದೇ ಪಾಡು.

ಇದಕ್ಕೆ ಟಾರ್ಚ್ ಪರೀಕ್ಷೆ. ರಾತ್ರಿ ಕೋಣೆಯ ದೀಪ ಆರಿಸಿ. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಮುಂದೆ ಫಿಲ್ಟರ್ ಇದ್ದರೆ ಅದನ್ನೂ ತೆಗೆಯಿರಿ. ಹಿಂದಿನ ಗಾಜಿನ ಕಡೆಯಿಂದ ಫೋನಿನ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಿ. ನೇರವಾಗಿ ನೋಡಿದರೆ ಕಣ್ಣು ಕೋರೈಸುತ್ತದೆ, ಏನೂ ಕಾಣುವುದಿಲ್ಲ. ಟಾರ್ಚನ್ನು ನಿಧಾನವಾಗಿ ಸುತ್ತ ತಿರುಗಿಸಿ. ಕೆಲವು ಲೆನ್ಸಿನಲ್ಲಿ ಹಿಂಬದಿಯ ಪುಟ್ಟ ಲಿವರನ್ನು ಮೆಲ್ಲಗೆ ತಳ್ಳಿ ಹಿಡಿದರೆ ಮಾತ್ರ ಒಳಗಿನ ಬೆಳಕಿನ ಕಿಂಡಿಯ ಬ್ಲೇಡ್‌ಗಳು ತೆರೆಯುತ್ತವೆ.

ಚುಕ್ಕಿ ಚುಕ್ಕಿ ಕಂಡರೆ ಅದು ಧೂಳು. ಹತ್ತಿಪ್ಪತ್ತು ಚುಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಅದರಿಂದ ಫೋಕಸ್ ಕೆಡುವುದಿಲ್ಲ. ಅಂಚಿನಿಂದ ಒಳಗೆ ಹಬ್ಬಿದ ಜೇಡನ ಬಲೆ, ಬೇರಿನ ಹಾಗೆ ಕವಲೊಡೆದ ಎಳೆ ಕಂಡರೆ ಅದು ಬೂಷ್ಟು. ಬಲೆ ಇಲ್ಲದೆ ಇಡೀ ಗಾಜಿಗೆ ಉಸಿರು ಬಿಟ್ಟ ಹಾಗೆ ಮಬ್ಬು ಇದ್ದರೆ ಅದು ಒಳಗಿನ ಗ್ರೀಸ್ ಆವಿಯಾಗಿ ಕೂತ ಜಿಡ್ಡು ಅಥವಾ ತೇವ.

ಬೂಷ್ಟು ಸಿಕ್ಕಿತು ಅಂತ ಇಟ್ಟುಕೊಳ್ಳಿ. ದಯವಿಟ್ಟು ಲೆನ್ಸನ್ನು ಬಿಸಿಲಿಗೆ ಇಡಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಹಪ್ಪಳದ ಜೊತೆ ಚಾಪೆ ಮೇಲೆ ಒಣಗಿಸಿದ ಲೆನ್ಸ್ ನನ್ನ ಮೇಜಿಗೆ ಬಂದಿದೆ. ಒಳಗಿನ ಗ್ರೀಸ್ ಕರಗಿ ಬ್ಲೇಡ್‌ಗಳಿಗೆಲ್ಲ ಹರಿದಿತ್ತು, ಬೂಷ್ಟು ಇದ್ದಲ್ಲೇ ಇತ್ತು. ಮುಚ್ಚಳ ಇಲ್ಲದ ಲೆನ್ಸ್ ಬಿಸಿಲಲ್ಲಿ ಇದ್ದರೆ ಕೆಳಗಿನ ಬಟ್ಟೆಗೆ ಬೆಂಕಿಯೂ ಹೊತ್ತಬಹುದು. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ಬೇಡ, ಅಕ್ಕಿ ತೌಡು ಸಂದಿಗೆಲ್ಲ ಹೋಗುತ್ತದೆ. ಒಲೆ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲೂ ಇಡಬೇಡಿ, ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಬಿಚ್ಚಿ ಒರೆಸುವುದು ಒಂದೇ ದಾರಿ. ಬೂಷ್ಟು ಹೊಸದಾಗಿದ್ದರೆ ಪೂರ್ತಿ ಹೋಗುತ್ತದೆ. ಹಳೆಯದಾಗಿದ್ದರೆ ಗಾಜಿನ ಮೇಲಿನ ಲೇಪನವನ್ನೇ ತಿಂದಿರುತ್ತದೆ, ಒರೆಸಿದ ಮೇಲೂ ಬಲೆಯ ಗುರುತು ಉಳಿಯುತ್ತದೆ. ಅದಕ್ಕೇ ತಡ ಮಾಡಬೇಡಿ ಅನ್ನುತ್ತೇನೆ.

ಮುಂದಿನ ಮಳೆಗಾಲಕ್ಕೆ ಡ್ರೈ ಕ್ಯಾಬಿನೆಟ್ ತಗೊಳ್ಳುವುದು ಆದರೆ ತುಂಬಾ ಒಳ್ಳೆಯದು. ಒಳಗಿನ ತೇವಾಂಶ 40ರಿಂದ 50 ಪರ್ಸೆಂಟ್ ಇದ್ದರೆ ಸಾಕು. ಅಷ್ಟು ಖರ್ಚು ಬೇಡ ಅಂದರೆ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮೀಟರ್ ಒಂದು. ಮಲೆನಾಡಿನಲ್ಲಿ ಲೆನ್ಸ್ ಇಡಲು ಕ್ಯಾಮೆರಾ ಬ್ಯಾಗ್ ಸರಿಯಲ್ಲ. ಒಳಗಿನ ಸ್ಪಂಜು ಒದ್ದೆ ಹೀರಿಕೊಂಡು ತಿಂಗಳುಗಟ್ಟಲೆ ಬಿಡುವುದಿಲ್ಲ. ಬ್ಯಾಗ್ ಪ್ರಯಾಣಕ್ಕೆ ಮಾತ್ರ.

ಟಾರ್ಚಿಗೆ ಏನೂ ಕಾಣಲಿಲ್ಲವಾ? ಆಗ ಮುಂದಿನ ಫಿಲ್ಟರ್ ತೆಗೆದು ಒಂದು ದಿನ ಹಕ್ಕಿ ತೆಗೆದು ನೋಡಿ. ಕಳಪೆ ಯುವಿ ಫಿಲ್ಟರ್ 300 ಮಿ.ಮೀ.ನಲ್ಲಿ ಲೆನ್ಸಿನ ಕಣ್ಣನ್ನು ಮಂಜು ಮಾಡುತ್ತದೆ. ಆಮೇಲೆ ಲೆನ್ಸ್ ಮತ್ತು ಕ್ಯಾಮೆರಾ ಸೇರುವ ಜಾಗದ ಚಿನ್ನದ ಬಣ್ಣದ ಚುಕ್ಕಿಗಳನ್ನು ನೋಡಿ. ಕ್ಯಾಮೆರಾ ಮತ್ತು ಲೆನ್ಸ್ ಮಾತಾಡುವುದು ಇವುಗಳ ಮೂಲಕ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ. ಜಿಡ್ಡು ಇದ್ದರೆ ಬಟ್ಟೆಯ ತುದಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್. ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರಬ್ಬರ್ ಆ ತೆಳು ಲೇಪನವನ್ನು ಸವೆಸುತ್ತದೆ, ಅದರ ಪುಡಿ ಒಳಗೆ ಉದುರುತ್ತದೆ.

ಲೆನ್ಸ್ ಆರೋಗ್ಯವಾಗಿದ್ದರೂ ಮಂಡಗದ್ದೆಯ ಸಂಜೆ ಸುಲಭ ಅಲ್ಲ. ಬೂದು ಆಕಾಶದ ಮುಂದೆ ಬಿಳಿ ಬೆಳ್ಳಕ್ಕಿ, ಕತ್ತಲೆ ಎಲೆಗಳ ನಡುವೆ ಕಪ್ಪು ನೀರುಕಾಗೆ. ಹಕ್ಕಿಯ ಎದೆಗೆ ಚೌಕ ಇಟ್ಟರೆ ಅಲ್ಲಿ ಗೆರೆಯೇ ಇಲ್ಲ. ಕೊಕ್ಕು ಆಕಾಶಕ್ಕೆ ತಾಗುವ ಜಾಗ, ಕಾಲು ಕೊಂಬೆ ಹಿಡಿದ ಜಾಗ, ಇಂಥ ಕಡೆ ಚೌಕ ಇಡಿ. ಮಧ್ಯದ ಪಾಯಿಂಟ್ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಓದುತ್ತದೆ. ಅಂಚಿನವು ಎಷ್ಟೋ ಕ್ಯಾಮೆರಾಗಳಲ್ಲಿ ಒಂದನ್ನೇ ಓದುತ್ತವೆ. ಹಕ್ಕಿಗೆ ಮಧ್ಯದ್ದೇ ಸರಿ. ಲೆನ್ಸ್ ತೀರಾ ಹತ್ತಿರಕ್ಕೆ ಓಡಿ ಸಿಕ್ಕಿಕೊಂಡರೆ ಮೊದಲು ದೂರದ ಮರಕ್ಕೆ ಒಮ್ಮೆ ಫೋಕಸ್ ಮಾಡಿ, ಆಮೇಲೆ ಹಕ್ಕಿಗೆ ಬನ್ನಿ. ಉದ್ದದ ಎಷ್ಟೋ ಲೆನ್ಸ್‌ಗಳಲ್ಲಿ ಇದಕ್ಕೆಂದೇ ಒಂದು ಸ್ವಿಚ್ ಇರುತ್ತದೆ. ನಿಕಾನ್ 200-500ರಲ್ಲಿ ಅದನ್ನು ಹಾಕಿದರೆ 6 ಮೀಟರಿಗಿಂತ ಹತ್ತಿರ ಹುಡುಕುವುದಿಲ್ಲ. ಆ ಸ್ವಿಚ್ ಹಾಕಿದ್ದನ್ನು ಮರೆತು, ಹತ್ತಿರದ ಹೂವಿಗೆ ಫೋಕಸ್ ಆಗುತ್ತಿಲ್ಲ ಅಂತ ಬರುವವರೂ ಇದ್ದಾರೆ.

ಲೆನ್ಸ್ ಅಲ್ಲಾಡುವುದೇ ಇಲ್ಲ ಅನ್ನುವ ಮೊದಲ ಜಾತಿಯ ಬಗ್ಗೆಯೂ ಹೇಳಿಬಿಡುತ್ತೇನೆ. ನಿಮಗೆ ಈಗ ಬೇಡ, ಮುಂದೆ ಬೇಕಾಗಬಹುದು.

ಮೊದಲು ಎಎಫ್-ಎಂಎಫ್ ಸ್ವಿಚ್ ನೋಡಿ. ಎಎಫ್ ಅಂದರೆ ಆಟೊಫೋಕಸ್, ಎಂಎಫ್ ಅಂದರೆ ಕೈಯಿಂದ ಫೋಕಸ್. ಬ್ಯಾಗಿನಿಂದ ತೆಗೆಯುವಾಗ ಅದು ತಾನಾಗಿ ಜಾರುತ್ತದೆ. ನಿಕಾನ್‌ನ ಎಎಫ್-ಪಿ ಸಾಲಿನ ಕೆಲವು ಲೆನ್ಸ್‌ಗಳ ಮೇಲೆ ಸ್ವಿಚ್ಚೇ ಇಲ್ಲ, ಮೆನುವಿನಲ್ಲಿ ನೋಡಬೇಕು. ಆಮೇಲೆ, ಫೋಕಸ್ ಕೆಲಸವನ್ನು ಹಿಂದಿನ ಬಟನ್‌ಗೆ ಕೊಟ್ಟಿದ್ದಾರಾ ನೋಡಿ. ಒಮ್ಮೆ ಒಬ್ಬ ಹುಡುಗ ಮಾರನೇ ದಿನ ಮದುವೆ ಕೆಲಸ ಇಟ್ಟುಕೊಂಡು ರಾತ್ರಿ ಬಸ್ಸಿಗೆ ಬಂದಿದ್ದ. ಶಟರ್ ಅರ್ಧ ಒತ್ತಿದರೆ ಯಾವ ಲೆನ್ಸೂ ಅಲ್ಲಾಡುತ್ತಿಲ್ಲ ಅಂತ ಅವನ ಕಣ್ಣಲ್ಲಿ ನೀರು. ಗೆಳೆಯನಿಂದ ತಂದ ಕ್ಯಾಮೆರಾ ಅದು. ಆ ಗೆಳೆಯ ಹಿಂದಿನ ಬಟನ್‌ನಿಂದ ಫೋಕಸ್ ಮಾಡುವವನು. ಬಟನ್ ಒತ್ತಿ ತೋರಿಸಿದೆ, ಲೆನ್ಸ್ ಓಡಿತು. ಯಾವ ಲೆನ್ಸ್ ಹಾಕಿದರೂ ಒಂದೇ ತೊಂದರೆ ಇದ್ದರೆ ಕ್ಯಾಮೆರಾ ಕಡೆ ನೋಡಬೇಕು. ಒಂದೇ ಲೆನ್ಸಿಗೆ ಎಲ್ಲ ಕ್ಯಾಮೆರಾದಲ್ಲೂ ತೊಂದರೆ ಇದ್ದರೆ ಲೆನ್ಸ್ ಕಡೆ. ಅರ್ಧ ದಿನಕ್ಕೆ ಗೆಳೆಯರ ಕ್ಯಾಮೆರಾ ಕೇಳಿ ತಂದರೆ ಇದು ಗೊತ್ತಾಗಿಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಂಡವರು ಇನ್ನೊಂದು ವಿಷಯ ತಿಳಿದಿರಬೇಕು. 1985ರಲ್ಲಿ ಮಿನೋಲ್ಟಾ 7000 ಕ್ಯಾಮೆರಾ ಬಂದಾಗ ಫೋಕಸ್ ಮೋಟಾರ್ ಕ್ಯಾಮೆರಾ ಒಳಗೆ ಇತ್ತು. ಆಮೇಲೆ ನಿಕಾನ್ ಕೂಡ ಹಾಗೇ ಮಾಡಿತು. 1987ರಲ್ಲಿ ಕೆನಾನ್ ಇಒಎಸ್ ಸಾಲು ತಂದಾಗ ಮೋಟಾರನ್ನು ಪ್ರತಿ ಲೆನ್ಸಿನೊಳಗೆ ಇಟ್ಟಿತು. ಒಳಗೆ ಮೋಟಾರ್ ಇಲ್ಲದ ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್‌ಗಳು ಇಂದಿಗೂ ನಮ್ಮ ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಆದರೆ ನಿಕಾನ್ ಡಿ3000, ಡಿ5000 ಸಾಲಿನ ಕ್ಯಾಮೆರಾದೊಳಗೆ ಮೋಟಾರ್ ಇಲ್ಲ, ಅವು ಅಲ್ಲಿ ಕೈಯಿಂದ ಮಾತ್ರ ಫೋಕಸ್ ಆಗುತ್ತವೆ. ಇದಕ್ಕೆ ತಿರುಗಾಮುರುಗ, ಹೊಸ ಎಎಫ್-ಪಿ ಲೆನ್ಸ್ ಹಳೆಯ ಡಿ90, ಡಿ7000, ಡಿ3100ರ ಮೇಲೆ ಆಟೊಫೋಕಸ್ ಆಗುವುದಿಲ್ಲ. ಯಾವುದೂ ಕೆಟ್ಟಿರುವುದಿಲ್ಲ, ಜೋಡಿ ಹೊಂದುವುದಿಲ್ಲ ಅಷ್ಟೇ.

ಇನ್ನು ನಿಜವಾಗಿ ಕೆಟ್ಟದ್ದು. ಜೂಮ್ ಲೆನ್ಸಿನಲ್ಲಿ ನಾನು ಪದೇ ಪದೇ ನೋಡುವುದು ಒಳಗಿನ ಫ್ಲೆಕ್ಸ್ ಕೇಬಲ್. ಕಾಗದದಷ್ಟು ತೆಳುವಾದ ಪಟ್ಟಿ ಅದು. ಜೂಮ್ ಮಾಡಿದಷ್ಟು ಸಲ ಮಡಚಿ ಬಿಚ್ಚಿ ಒಂದು ದಿನ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಅದರ ಗುರುತು ಸ್ಪಷ್ಟ. ಒಂದು ಅಳತೆಯವರೆಗೆ ಫೋಕಸ್ ಚೆನ್ನಾಗಿ ಆಗುತ್ತದೆ, ಅಲ್ಲಿಂದ ಮುಂದೆ ಎಳೆದರೆ ತಟ್ಟನೆ ಸತ್ತುಹೋಗುತ್ತದೆ. ಕೆಲವೊಮ್ಮೆ ಕ್ಯಾಮೆರಾ ಎರರ್ ತೋರಿಸುತ್ತದೆ. ಕೆನಾನ್‌ನಲ್ಲಿ ಎರರ್ 01 ಅಂದರೆ ಲೆನ್ಸ್ ಜೊತೆ ಮಾತು ಕಡಿದಿದೆ ಅಂತ. ಮೊದಲು ಚಿನ್ನದ ಚುಕ್ಕಿಗಳನ್ನು ಒರೆಸಿ. ಹೋಗದಿದ್ದರೆ ಕೇಬಲ್.

ಮೋಟಾರ್ ಹೋಗುತ್ತಿದ್ದರೆ ಕಿವಿಗೆ ಕೇಳುತ್ತದೆ. ಮುಂಚೆ ಸದ್ದಿಲ್ಲದೆ ಓಡುತ್ತಿದ್ದದ್ದು ಈಗ ಇಲಿಮರಿಯ ಹಾಗೆ ಕೀಚು ಅನ್ನುತ್ತದೆ. ಬೆಳಿಗ್ಗೆ ಓಡುವುದಿಲ್ಲ, ನಾಲ್ಕೈದು ಸಲ ಕೈಯಿಂದ ತಿರುಗಿಸಿದ ಮೇಲೆ ಓಡುತ್ತದೆ. ಲೆನ್ಸನ್ನು ನೆಲದ ಕಡೆ ಹಿಡಿದರೆ ಓಡಿ, ಆಕಾಶದ ಕಡೆ ಹಿಡಿದರೆ ನಿಲ್ಲುತ್ತದೆ. ಫೋಕಸ್ ರಿಂಗ್ ತಿರುಗಿಸಿದಾಗ ಕರಕರ ಅಂದರೆ ಮರಳು ಸೇರಿದೆ, ಗೋಕರ್ಣ, ಮಲ್ಪೆ ಕಡೆ ಹೋಗಿಬಂದವರಿಗೆ ಇದು ಆಗುತ್ತದೆ. ಆಗ ಬಲವಂತ ಮಾಡಬೇಡಿ, ಹಾಗೇ ತಂದುಕೊಡಿ. ಮಿರರ್‌ಲೆಸ್ ಕ್ಯಾಮೆರಾದ ಎಷ್ಟೋ ಲೆನ್ಸ್‌ಗಳು ಆಫ್ ಮಾಡಿ ಅಲ್ಲಾಡಿಸಿದರೆ ಒಳಗೆ ಟಕಟಕ ಅನ್ನುತ್ತವೆ. ಅದು ಕೆಟ್ಟಿದ್ದಲ್ಲ. ಕರೆಂಟ್ ಇಲ್ಲದಾಗ ಒಳಗಿನ ಗಾಜಿನ ಗುಂಪು ಸಡಿಲವಾಗಿ ಇರುವುದೇ ಅವುಗಳ ರೀತಿ. ಅವುಗಳಲ್ಲಿ ಫೋಟೊ ಸೆನ್ಸರೇ ಫೋಕಸ್ ಅಳೆಯುವುದರಿಂದ ನಿಮ್ಮ 50ರ ಬ್ಯಾಕ್ ಫೋಕಸ್ ತೊಂದರೆಯೂ ಸಾಮಾನ್ಯವಾಗಿ ಇರುವುದಿಲ್ಲ.

ಆ ಅಂಗಡಿಗೆ ಮತ್ತೆ ಹೋಗುವುದಾದರೆ ಜಗಳ ಬೇಡ, ಮೂರು ಮಾತು ಕೇಳಿ. ಇದೇ ಲೆನ್ಸನ್ನು ಬೇರೆ ಕ್ಯಾಮೆರಾಗೆ ಹಾಕಿ ನನ್ನ ಮುಂದೆ ತೋರಿಸ್ತೀರಾ? ಯಾವ ಭಾಗ ಬದಲಾಯಿಸ್ತೀರಿ ಅಂತ ಬರೆದುಕೊಡ್ತೀರಾ? ತೆಗೆದ ಹಳೆಯ ಭಾಗ ನನಗೆ ಕೊಡ್ತೀರಾ? ಕೆಲಸ ಗೊತ್ತಿರುವವರು ಮೂರಕ್ಕೂ ಸಂತೋಷದಿಂದ ಹೂಂ ಅನ್ನುತ್ತಾರೆ.

ಹಾಗಾಗಿ ಇವತ್ತು ರಾತ್ರಿಯೇ ಜೂಮ್ ಲೆನ್ಸಿಗೆ ಟಾರ್ಚ್ ಹಿಡಿಯಿರಿ, ಬೂಷ್ಟು ಬೆಳೆಯುತ್ತಲೇ ಇರುತ್ತದೆ. 50ರ ಬೆಂಕಿಪೊಟ್ಟಣದ ಪರೀಕ್ಷೆ ಭಾನುವಾರ ಬೆಳಿಗ್ಗೆ ಮಾಡಿದರೂ ಆದೀತು. ಟಾರ್ಚಿಗೆ ಬಲೆ ಕಂಡರೆ ಅದನ್ನು ಫೋನಿನಲ್ಲಿ ಓರೆಯಾಗಿ ಫೋಟೊ ತೆಗೆದು ಕಳಿಸಿ. ಮುಂದಿನ ಗಾಜಿನ ಹಿಂದೆಯೇ ಇದೆಯಾ, ನಡುವಿನ ಗುಂಪಿನಲ್ಲಿ ಇದೆಯಾ ಅಂತ ನೋಡಿ ಹೇಳುತ್ತೇನೆ. ಮುಂದೆ ಇದ್ದರೆ ಅದು ಒಂದು ಗಂಟೆಯ ಕೆಲಸ.